ಕಲ್ಲು, ಕಳ್ಳು ಮತ್ತು ತೆಲುಗಿನ ಕಣ್ಣು

ನನ್ನ ತೆಲುಗು ತರಗತಿಗೆ ಬರುವ ನರ್ಸ್ ಒಬ್ಬರು ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ. ಒಂದು ದಿನ ಆಂಧ್ರದ ಕದಿರಿ ಕಡೆಯಿಂದ ಬಂದ ವಯಸ್ಸಾದವರೊಬ್ಬರು ಅವರ ಮುಂದೆ ಕೂತು, "ಕಳ್ಳು ಮಂಡುತುನ್ನಾಯಮ್ಮಾ" ಅಂದರಂತೆ. ಇವರು ಬರೆಯುವುದನ್ನು ನಿಲ್ಲಿಸಿ, "ಕುಡಿಯೋದು ಎಷ್ಟು ವರ್ಷದಿಂದ ಇದೆ ತಾತಾ?" ಎಂದು ಕೇಳಿಬಿಟ್ಟರು. ಪಾಪ, ಅಜ್ಜ ತಬ್ಬಿಬ್ಬಾದರು. ಜೊತೆಗಿದ್ದ ಮೊಮ್ಮಗಳಿಗೆ ಕನ್ನಡ ಬರುತ್ತಿತ್ತು. ತಾತ ಹೇಳಿದ್ದು ಕಣ್ಣು ಉರಿಯುತ್ತಿದೆ ಅಂತ, ಎಂದು ಅವಳು ಬಿಡಿಸಿ ಹೇಳಿದಳು.

ಆ ನರ್ಸ್ ತುಂಬಾ ನೊಂದುಕೊಂಡು ಈ ವಿಷಯ ನನಗೆ ಹೇಳಿದರು. ನನಗೆ ಅವರ ತಪ್ಪು ದೊಡ್ಡದೆನಿಸಲಿಲ್ಲ. ಕನ್ನಡದಲ್ಲಿ ಕಲ್ಲು ಅಂದರೆ ಬಂಡೆಯ ಚೂರು, ಕಳ್ಳು ಅಂದರೆ ಈಚಲ ಮರದಿಂದ ಇಳಿಸುವ ಹೆಂಡ. ತೆಲುಗಿನಲ್ಲಿ ಹೆಂಡಕ್ಕೆ ಕಲ್ಲು ಎನ್ನುತ್ತಾರೆ, ಕಳ್ಳು ಅಂದರೆ ಕಣ್ಣುಗಳು. ನಮ್ಮ ಕಲ್ಲಿಗೆ ಅವರು ರಾಯಿ ಎನ್ನುತ್ತಾರೆ. ಎರಡು ಶಬ್ದ ಎರಡೂ ಭಾಷೆಯಲ್ಲಿವೆ. ಅರ್ಥ ಮಾತ್ರ ಬೇರೆ ಬೇರೆ ಮನೆ ಸೇರಿವೆ.

ತೆಲುಗು ಮಾತು ಕಲಿಸಲು ಶುರು ಮಾಡಿದ ಹೊಸತರಲ್ಲಿ, ಕನ್ನಡದವರಿಗೆ ವ್ಯಂಜನ ಹೇಳಿಕೊಡಲು ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಕ ಖ ಗ ಘ ಅದೇ ತಾನೇ? ಲಿಪಿ ಕೂಡ ದೂರದ್ದಲ್ಲ. ಹಳೆಯ ಶಾಸನಗಳ ಲಿಪಿಯನ್ನು ವಿದ್ವಾಂಸರು ತೆಲುಗು-ಕನ್ನಡ ಲಿಪಿ ಎಂದೇ ಕರೆಯುತ್ತಾರೆ. ವ್ಯಂಜನಕ್ಕೆ ತೆಲುಗಿನಲ್ಲಿ 'ಹಲ್ಲು' ಎಂಬ ಹೆಸರಿದೆ, ಸಂಸ್ಕೃತದ ಹಲ್ ಎಂಬುದರಿಂದ ಬಂದದ್ದು. ಅದನ್ನು ಕೇಳಿ ಮೊದಲ ದಿನ ತರಗತಿಯಲ್ಲಿ ಎಲ್ಲರೂ ನಗುತ್ತಾರೆ. ಆದರೆ ಈಗ ನನ್ನ ಪಾಠದಲ್ಲಿ ವ್ಯಂಜನಕ್ಕೆ ಮೂರು ವಾರ ಬೇಕಾಗುತ್ತದೆ. ತೆಲುಗಿನ ಶಬ್ದ ಹೊರಡಿಸಲು ಕನ್ನಡದವರಿಗೆ ಕಷ್ಟವೇನಿಲ್ಲ, ಒಂದೆರಡನ್ನು ಬಿಟ್ಟರೆ. ತೊಂದರೆ ಇರುವುದು ಪದ ಪರಿಚಯದ್ದು ಅನ್ನಿಸಿದಾಗ. ಗೊತ್ತಿರುವ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ನಾಲಿಗೆ ಕನ್ನಡದ ಅಕ್ಷರಕ್ಕೆ ಹೊರಳುತ್ತದೆ.

'ನ'ಕಾರವನ್ನೇ ನೋಡಿ. ನಮ್ಮ ಕಣ್ಣು ಅವರಿಗೆ ಕನ್ನು, ಮಣ್ಣು ಮನ್ನು, ಬೆಣ್ಣೆ ವೆನ್ನ, ಸುಣ್ಣ ಸುನ್ನಂ, ಅಣ್ಣ ಅನ್ನ. ಇಂಥ ಅಚ್ಚ ತೆಲುಗು ಪದಗಳಲ್ಲಿ ನಾವು ಣ್ಣ ಅನ್ನುವ ಕಡೆ ಅವರದು ನ್ನ. ಣಕಾರ ತೆಲುಗಿನಿಂದ ಮಾಯವಾಗಿದೆ ಅಂತಲ್ಲ. ಪಂಡು, ಬಂಡಿ, ಗುಂಡೆ ಎನ್ನುವಾಗ ಡಕಾರದ ಹಿಂದೆ ಅದು ತಾನಾಗಿ ಬರುತ್ತದೆ. ಕಾರಣಂ, ಗುಣಂ ಅಂಥ ಸಂಸ್ಕೃತ ಪದಗಳಲ್ಲೂ ಇದೆ. ಆದರೆ ತೆಲುಗಿನವರ ಮನೆಗೆ ಹೋಗಿ "ಅಣ್ಣಾ" ಎಂದು ಕರೆದರೆ, ಬಂದವರು ಕನ್ನಡದವರು ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅವರಂತೆ ಮಾತಾಡಬೇಕು ಅನ್ನುವವರು ನಾಲಿಗೆ ತುದಿಯನ್ನು ಮಡಿಸದೆ ಹಲ್ಲಿನ ಹಿಂದಕ್ಕೆ ತಂದು "ಅನ್ನಾ" ಅನ್ನಬೇಕು, ಅಷ್ಟೇ.

ಲ ಮತ್ತು ಳ ವಿಷಯ ಇನ್ನೂ ಸೂಕ್ಷ್ಮ. ಇಲ್ಲಿ ತಪ್ಪಿದರೆ ಅರ್ಥವೇ ಕೆಡುತ್ತದೆ. ತೆಲುಗಿನಲ್ಲಿ ಒಂದು ಮನೆ ಇಲ್ಲು, ಹಲವು ಮನೆ ಇಳ್ಳು. ಒಂದು ಕಾಲು ಕಾಲು, ಎರಡಾದರೆ ಕಾಳ್ಳು. ಊರು ಊಳ್ಳು ಆಗುತ್ತದೆ, ಕನ್ನು ಕಳ್ಳು ಆಗುತ್ತದೆ. ಬೆರಳಿಗೆ ವೇಲು, ಬೆರಳುಗಳಿಗೆ ವೇಳ್ಳು. ಬಹುವಚನದ 'ಲು' ಬಂದು ಸೇರಿದಾಗ ಇಂಥ ಪದಗಳ ಕೊನೆಯ ಲಕಾರ, ರಕಾರ, ನಕಾರ ಅದರ ಜೊತೆ ಕರಗಿ ಳ್ಳು ಆಗಿಬಿಡುತ್ತವೆ. ಅಂದರೆ ನಾಲಿಗೆ ಮಡಿಸುವುದೇ ಇಲ್ಲಿ 'ಒಂದಕ್ಕಿಂತ ಜಾಸ್ತಿ' ಎಂಬುದರ ಗುರುತು. ನಾವು ಮುಳ್ಳು ಎನ್ನುವುದು ಒಂದು ಮುಳ್ಳಿಗೆ. ತೆಲುಗಿನಲ್ಲಿ ಅದು ಮುಲ್ಲು. ಮುಳ್ಳು ಎಂದರೆ ಹಲವು. ಕಾಲಿಗೆ ಒಂದೇ ಮುಳ್ಳು ಚುಚ್ಚಿದ್ದರೂ ಕನ್ನಡದ ಅಭ್ಯಾಸದಲ್ಲಿ ಹೇಳಿದರೆ ಕೇಳುವವರು ಬೇಲಿಯನ್ನೇ ತುಳಿದಿರಾ ಅಂದುಕೊಳ್ಳುತ್ತಾರೆ.

ಓದುವವರಿಗೆ ಒಂದು ಮಾತು. ತೆಲುಗು ಪತ್ರಿಕೆಗಳಲ್ಲಿ ಇಂಥ ಕಡೆ ಳಕಾರದ ಕೆಳಗೆ ಲಕಾರದ ಒತ್ತು ಕೊಟ್ಟು 'ಕಳ್ಲು' ಎಂದು ಅಚ್ಚು ಮಾಡಿರುವುದು ಕಾಣುತ್ತದೆ. ಬರೆಯುವುದು ಹಾಗೆ, ಹೇಳುವುದು ಮಾತ್ರ ಕಳ್ಳು. ಎರಡು ಅಕ್ಷರವನ್ನೂ ಬಿಡಿಬಿಡಿಯಾಗಿ ಓದಲು ಹೋಗಬೇಡಿ.

ಇನ್ನು ನನಗೆ ತುಂಬಾ ಇಷ್ಟವಾದ ಅಕ್ಷರಕ್ಕೆ ಬರುತ್ತೇನೆ: ಚ. ತೆಲುಗಿನಲ್ಲಿ ಅಕ್ಷರ ಒಂದೇ, ಉಚ್ಚಾರ ಎರಡು. ಇ, ಈ, ಎ, ಏ ಸ್ವರಗಳು ಸೇರಿದರೆ ನಮ್ಮ ಚಕಾರವೇ: ಚೀಮ, ಚೀರ, ಚೆಟ್ಟು, ಚೇಪ. ಅ, ಆ, ಉ, ಊ, ಒ, ಓ ಸೇರಿದರೆ ಅಚ್ಚ ತೆಲುಗು ಪದಗಳಲ್ಲಿ ಅದು ತ ಮತ್ತು ಸ ಕೂಡಿದ ಶಬ್ದವಾಗುತ್ತದೆ. ಬರೆಯುವುದು ಚಲಿ, ಹೇಳುವುದು ತ್ಸಲಿ. ನಮ್ಮ ಚಳಿ ಅದು. ಬರೆಯುವುದು ಚದುವು, ಹೇಳುವುದು ತ್ಸದುವು, ಅಂದರೆ ಓದು. ನೋಡು ಎನ್ನುವುದು ತ್ಸೂಡು, ಸಾಕು ಎನ್ನುವುದು ತ್ಸಾಲು, ನಂಟರು ತ್ಸುಟ್ಟಾಲು. ಜಕಾರಕ್ಕೂ ಇದೇ ಕತೆ. ಜೀಲಕರ್ರದಲ್ಲಿ ನಮ್ಮ ಜೀರಿಗೆಯ ಜಕಾರವೇ ಇದೆ. ಜಡೆಗೆ ಅವರು ಹೇಳುವ ಜಡ, ಜೋಳಕ್ಕೆ ಹೇಳುವ ಜೊನ್ನ, ಗಿಣ್ಣಿಗೆ ಹೇಳುವ ಜುನ್ನು ಇವುಗಳಲ್ಲಿ ಮಾತ್ರ ದಕಾರದಿಂದ ಶುರುವಾಗಿ ಜೇನುನೊಣದ ಹಾಗೆ ಗುಂಯ್‌ಗುಡುವ ಶಬ್ದ ಬರುತ್ತದೆ. ಸಜ್ಜೆ ನಮ್ಮಲ್ಲೂ ಇದೆ, ಅವರಲ್ಲೂ ಸಜ್ಜ ಇದೆ. ಧಾನ್ಯ ಒಂದೇ, ನಾಲಿಗೆ ತಾಗುವ ಜಾಗ ಬೇರೆ.

ಇದನ್ನು ಕಲಿಸಲು ನಾನು ಬಳಸುವ ದಾರಿ ಸರಳ. "ಉತ್ಸವ" ಅನ್ನಿ. ನಿಧಾನಕ್ಕೆ ಅನ್ನಿ. ಈಗ ಮೊದಲ ಉಕಾರವನ್ನು ಬಾಯೊಳಗೇ ಹೇಳಿ, ಉಳಿದದ್ದನ್ನು ಮಾತ್ರ ಹೊರಗೆ ಬಿಡಿ: "ತ್ಸವ". ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ತಕಾರದ ಜಾಗದಲ್ಲಿ ಅಂಟಿ, ಸಕಾರದ ಗಾಳಿಯೊಂದಿಗೆ ಬಿಡಬೇಕು. ಚಕಾರದಲ್ಲಿ ನಾಲಿಗೆಯ ಅಗಲ ಭಾಗ ಇನ್ನೂ ಹಿಂದಕ್ಕೆ, ಅಂಗಳಿಗೆ, ಅಂದರೆ ಬಾಯಿಯ ಮೇಲ್ಚಾವಣಿಗೆ, ತಾಗುತ್ತದೆ. ಒಂದು ಕಡೆ ತುದಿ, ಇನ್ನೊಂದು ಕಡೆ ಅಗಲ. ಕನ್ನಡಿ ಮುಂದೆ ನಿಂತು "ಚೇಪ, ತ್ಸಾಪ" ಅಂದು ನೋಡಿ. ಚೇಪ ಮೀನು, ತ್ಸಾಪ ಕೂರುವ ಚಾಪೆ. ಜಕಾರಕ್ಕಾದರೆ ಗಂಟಲಿನ ಮೇಲೆ ಕೈ ಇಟ್ಟು ಅಭ್ಯಾಸ ಮಾಡಿ, ಅದು ನಡುಗುವುದು ಬೆರಳಿಗೆ ಗೊತ್ತಾಗಬೇಕು. ಬೆಳಗಾವಿ ಕಡೆಯಿಂದ ಬಂದ, ಮರಾಠಿ ಕೇಳಿ ಬೆಳೆದ ವಿದ್ಯಾರ್ಥಿಗಳಿಗೆ ಈ ಪಾಠವೇ ಬೇಡ. ಮರಾಠಿಯಲ್ಲೂ ಚಕಾರಕ್ಕೆ ಈ ಎರಡೂ ಉಚ್ಚಾರ ಇವೆ. "ಚಾಂಗ್ಲಾ" ಎನ್ನುವಾಗ ಅವರು ತ್ಸಕಾರವನ್ನೇ ಹೇಳುತ್ತಾರೆ.

ಚಾರ್ಲ್ಸ್ ಫಿಲಿಪ್ ಬ್ರೌನ್ ಕಡಪದಲ್ಲಿ ಕೆಲಸ ಮಾಡಿದ ಇಂಗ್ಲಿಷ್ ಅಧಿಕಾರಿ. 1852ರಲ್ಲಿ ಬಂದ ಅವರ ತೆಲುಗು ನಿಘಂಟಿನಲ್ಲಿ ಈ ಎರಡು ಉಚ್ಚಾರಗಳನ್ನು ಬೇರೆ ಮಾಡಿ ತೋರಿಸಿದ್ದಾರೆ. ಚಕಾರದ ತಲೆಯ ಮೇಲೆ ತೆಲುಗಿನ 2 ಅಂಕಿಯ ಹಾಗೆ ಕಾಣುವ ಗುರುತು ಹಾಕಿ ದಂತ್ಯ, ಅಂದರೆ ಹಲ್ಲಿನ ಹಿಂದೆ ಹುಟ್ಟುವ ತ್ಸ ಉಚ್ಚಾರವನ್ನು ಸೂಚಿಸುವ ಪದ್ಧತಿಯೂ ತೆಲುಗಿನಲ್ಲಿದೆ. ಕಂಪ್ಯೂಟರ್‌ಗಳು ಬಳಸುವ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲೂ ಈ ಅಕ್ಷರಕ್ಕೆ ಬೇರೆ ಜಾಗ ಕೊಟ್ಟಿದ್ದಾರೆ. ದಿನದ ಬರವಣಿಗೆಯಲ್ಲಿ ಮಾತ್ರ ಯಾರೂ ಆ ಗುರುತು ಹಾಕುವುದಿಲ್ಲ. ಆದ್ದರಿಂದ ತೆಲುಗು ಪುಸ್ತಕವನ್ನು ಮುಂದಿಟ್ಟುಕೊಂಡು ಇದನ್ನು ಕಲಿಯಲು ಆಗುವುದಿಲ್ಲ. ಕಿವಿ ಕೊಡಲೇಬೇಕು.

ಕನ್ನಡದವರಿಗೆ ನನ್ನ ಬಳಿ ಒಂದು ಸುಲಭದ ಗುರುತಿದೆ. ನಮ್ಮ ಕಿವಿ ಅವರಿಗೆ ಚೆವಿ, ಕೆರೆ ಚೆರುವು, ಕೈ ಚೇಯಿ. ಹಳೆಯ ಕಕಾರ ತೆಲುಗಿನಲ್ಲಿ ಇ, ಎ ಸ್ವರಗಳ ಮುಂದೆ ಚಕಾರವಾಗಿದೆ. ಹೀಗಾಗಿ ನಮ್ಮ ಕಕಾರದ ಪದಕ್ಕೆ ಅವರ ಚಕಾರದ ಪದ ಜೋಡಿಯಾದರೆ, ಅಲ್ಲಿ ನಮ್ಮ ಚಕಾರವನ್ನೇ ಧೈರ್ಯವಾಗಿ ಹೇಳಬಹುದು. ಚರಿತ್ರ, ಚಂದ್ರುಡು, ಜಯಂ ಅಂಥ ಸಂಸ್ಕೃತ ಪದಗಳಲ್ಲೂ ಅಷ್ಟೇ.

ಸ್ವಲ್ಪ ಕಲಿತವರು ಎಡವುವುದು ಇನ್ನೊಂದು ಕಡೆ. ನಿಯಮ ಗೊತ್ತಾದ ಹುರುಪಿನಲ್ಲಿ ಆಕಾರ ಕಂಡಲ್ಲೆಲ್ಲ ತ್ಸಕಾರ ತರುತ್ತಾರೆ. 'ಬಂದನು' ಎನ್ನಲು ತೆಲುಗಿನಲ್ಲಿ ವಚ್ಚಾಡು. ಅದನ್ನು "ವತ್ತ್ಸಾಡು" ಎಂದು ಓದುತ್ತಾರೆ. ಅದು ಸರಿಯಲ್ಲ. ಆ ಪದ ಮೊದಲು ವಚ್ಚಿನಾಡು. ಮಾತಿನಲ್ಲಿ ಸವೆದು ವಚ್ಚಾಡು ಆಯಿತು. ಇಕಾರ ಹೋದರೂ ಅದರ ನೆರಳು ಉಳಿದಿದೆ, ಚಕಾರ ನಮ್ಮ ಚಕಾರವಾಗಿಯೇ ಇದೆ. ಅದರ ಮುಂದಿನ ಆಕಾರ ಕೂಡ ಶುದ್ಧ ಆಕಾರವಲ್ಲ. 'ಬ್ಯಾಂಕು' ಎನ್ನುವಾಗ ನಮ್ಮ ಬಾಯಲ್ಲಿ ಬರುವ ಸ್ವರದ ಹಾಗಿದೆ. ಹೋಲಿಸಿ ನೋಡಲು 'ಮಚ್ಚ' ತೆಗೆದುಕೊಳ್ಳಿ, ನಮ್ಮ ಮಚ್ಚೆ. ಅಲ್ಲಿ ಅಡಗಿದ ಇಕಾರ ಇಲ್ಲ, ಆದ್ದರಿಂದ ತ್ಸಕಾರವೇ ಬರುತ್ತದೆ. ಈ ಎರಡು ಪದಗಳನ್ನು ಬೇರೆ ಮಾಡಿ ಹೇಳಲು ಬಂದ ದಿನ ವಿದ್ಯಾರ್ಥಿಗಳಿಗೆ ಆಗುವ ಖುಷಿ ನೋಡಲು ನನಗೆ ತುಂಬಾ ಇಷ್ಟ.

ಮಹಾಪ್ರಾಣಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಚ್ಚ ತೆಲುಗು ಪದಗಳಲ್ಲಿ ಅವು ಇಲ್ಲವೆಂದೇ ಹೇಳಬಹುದು, ಕನ್ನಡದ ಹಾಗೆಯೇ. ಆದರೆ ಥಕಾರದ ಒಂದು ವಿಷಯ ಗೊತ್ತಿರಲಿ. ತೆಲುಗಿನವರು ಅನೇಕರು ಮಾತಿನಲ್ಲಿ ಥಕಾರದ ಜಾಗದಲ್ಲಿ ಧಕಾರ ಹೇಳುತ್ತಾರೆ. ಕಥ ಎನ್ನುವುದು ಕಧ ಆಗುತ್ತದೆ, ಅರ್ಥಂ ಎನ್ನುವುದು ಅರ್ಧಂ. "ಅರ್ಧಂ ಅಯಿಂದಾ?" ಎಂದು ಕೇಳಿದರೆ ಅರ್ಧ ಆಯಿತಾ ಎಂದಲ್ಲ, ಅರ್ಥವಾಯಿತಾ ಎಂದು. ಹೇಳುವಾಗ ನೀವು ಅರ್ಥಂ ಎಂದೇ ಹೇಳಿ. ಕೇಳುವಾಗ ಎರಡಕ್ಕೂ ಸಿದ್ಧರಿರಿ.

ಬಂಡಿ ರ ಎಂಬ ಅಕ್ಷರವೊಂದು ವರ್ಣಮಾಲೆಯಲ್ಲಿ ಕಾಣುತ್ತದೆ. ನಮ್ಮ ಹಳಗನ್ನಡದ ಶಕಟರೇಫದ (ಱ) ಜೋಡಿ ಅದು. ಈಗ ಉಚ್ಚಾರದಲ್ಲಿ ಮಾಮೂಲಿ ರಕಾರವೇ, ಅದಕ್ಕಾಗಿ ತಲೆಕೆಡಿಸಿಕೊಳ್ಳುವುದು ಬೇಡ.

ಶಾಲೆಯಲ್ಲಿ ಕಲಿತ ಆದೇಶ ಸಂಧಿ ನೆನಪಿದೆ ಅಲ್ವಾ? ಮಳೆ, ಕಾಲ ಸೇರಿ ಮಳೆಗಾಲ. ಕ ತ ಪ ಹೋಗಿ ಗ ದ ಬ ಬರುವುದು. ತೆಲುಗಿನಲ್ಲಿ ಇದಕ್ಕೆ ಗಸಡದವ ಆದೇಶ ಎಂಬ ಹೆಸರಿದೆ: ಕ ಚ ಟ ತ ಪ ಹೋಗಿ ಗ ಸ ಡ ದ ವ. ನಾವು ಅಣ್ಣತಮ್ಮ ಎನ್ನುವ ಕಡೆ ಅವರು ಅನ್ನದಮ್ಮುಲು ಎನ್ನುತ್ತಾರೆ, ತಂದೆತಾಯಿಗೆ ತಲ್ಲಿದಂಡ್ರುಲು, ತರಕಾರಿಗೆ ಕೂರಗಾಯಲು. ಈ ಸಾಲಿನಲ್ಲಿ ಚಕಾರದ ಜಾಗಕ್ಕೆ ಸಕಾರ ಬಂದಿರುವುದನ್ನು ಗಮನಿಸಿ. ತ್ಸಕಾರವನ್ನು ಒಮ್ಮೆ ಸರಿಯಾಗಿ ಹೇಳಲು ಬಂದವರಿಗೆ ಅದು ಸಡಿಲವಾಗಿ ಸಕಾರದ ಕಡೆ ಜಾರುವುದು ಹೊಸದೆನಿಸುವುದಿಲ್ಲ.

ಈ ವಾರದ ಅಭ್ಯಾಸಕ್ಕೆ ಒಂದು ವಾಕ್ಯ ಕೊಡುತ್ತೇನೆ. ತೆಲುಗಿನಲ್ಲಿ ಬರೆಯುವ ಹಾಗೆಯೇ ಕೊಟ್ಟಿದ್ದೇನೆ: "ಚೆರುವು ದಗ್ಗರ ಚಾಪ ವೇಸಿ ಚೇಪಲು ಅಮ್ಮುತುನ್ನಾರು." ಕೆರೆಯ ಹತ್ತಿರ ಚಾಪೆ ಹಾಸಿ ಮೀನು ಮಾರುತ್ತಿದ್ದಾರೆ ಎಂದು ಅರ್ಥ. ಚಕಾರ ಮೂರು ಸಲ ಬಂದಿದೆ. ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ ನಾಲಿಗೆಯ ಅಗಲ ಅಂಗಳಿಗೆ ತಾಗಬೇಕು, ನಡುವಿನದರಲ್ಲಿ ತುದಿ ಹಲ್ಲಿನ ಹಿಂದಕ್ಕೆ ಹೋಗಬೇಕು. ಮೊದಲು ನಿಧಾನವಾಗಿ ಹೇಳಿ, ಆಮೇಲೆ ಮೀನು ಮಾರುವವರ ವೇಗದಲ್ಲಿ.