ಹಳೆಯ ಬಾಕ್ಸರ್‌ಗಳಿಗಿಂತ ಈಗಿನವರಿಗೆ ತಾಕತ್ತು ಜಾಸ್ತಿಯಾ?

ಪ್ರಶ್ನೆ: ಗದಗಿನ ಗರಡಿಯೊಂದರಲ್ಲಿ ಸಾಮು ಮಾಡುತ್ತೇನೆ. ಬಾಕ್ಸಿಂಗ್ ಅಂದರೂ ಜೀವ. ಹಳೆಯ ಬಾಕ್ಸರ್‌ಗಳಿಗಿದ್ದದ್ದೇ ನಿಜವಾದ ತಾಕತ್ತು, ಈಗಿನವರದು ಬರೀ ಜಿಮ್ ಮೈ ಅಂತ ನಮ್ಮ ಉಸ್ತಾದರು ಹೇಳುತ್ತಾರೆ. ಹೌದಾ?

ಉತ್ತರ: ಇದೇ ವಾದ ಹುಬ್ಬಳ್ಳಿ, ಧಾರವಾಡದ ಗರಡಿಗಳಲ್ಲೂ ನಡೆಯುತ್ತಲೇ ಇರುತ್ತದೆ. ನನ್ನ ಉತ್ತರ ಇಷ್ಟು. ಹೆವಿವೇಟ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಭಾರದವರ ವಿಭಾಗದಲ್ಲಿ, ಈಗಿನವರೇ ಬಲಶಾಲಿಗಳು. ಅದಕ್ಕಿಂತ ಕೆಳಗಿನ ತೂಕಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರಲು ಸಾಧ್ಯವಿಲ್ಲ. ಅಲ್ಲಿ ಬದಲಾಗಿದ್ದು ತೂಕ ನೋಡುವ ಹೊತ್ತು.

ಮೊದಲು ಹೆವಿವೇಟ್. 1919ರಲ್ಲಿ ಚಾಂಪಿಯನ್ ಆದಾಗ ಜಾಕ್ ಡೆಂಪ್ಸಿ ತೂಕ ಸುಮಾರು 85 ಕಿಲೋ. 1952ರಿಂದ 1956ರವರೆಗೆ ಪಟ್ಟದಲ್ಲಿದ್ದ ರಾಕಿ ಮಾರ್ಸಿಯಾನೊ ಕೂಡ ಹೆಚ್ಚುಕಡಿಮೆ ಅಷ್ಟೇ ಇದ್ದರು. ಆಡಿದ 49 ಪಂದ್ಯಗಳನ್ನೂ ಗೆದ್ದು, ಅದರಲ್ಲಿ 43 ನಾಕೌಟ್ ಮಾಡಿದ ಮನುಷ್ಯ! ಇವತ್ತಿನ ಲೆಕ್ಕದಲ್ಲಿ ಇಬ್ಬರೂ ಹೆವಿವೇಟ್‌ಗಿಂತ ಕೆಳಗಿನ, 90.7 ಕಿಲೋ ಮಿತಿಯ ಕ್ರೂಸರ್‌ವೇಟ್‌ಗೆ ಬರುತ್ತಾರೆ. 1974ರಲ್ಲಿ ಕಿನ್ಶಾಸಾದಲ್ಲಿ ಸೆಣಸಿದ ಮುಹಮ್ಮದ್ ಅಲಿ, ಜಾರ್ಜ್ ಫೋರ್ಮನ್ ಇಬ್ಬರೂ ನೂರು ಕಿಲೋ ಆಸುಪಾಸಿನವರು. 2020ರಲ್ಲಿ ಟೈಸನ್ ಫ್ಯೂರಿ ರಿಂಗಿಗೆ ಇಳಿದಾಗ 124 ಕಿಲೋ ಇದ್ದರು. ಮೇಲಿನ ಮಿತಿಯೇ ಇಲ್ಲದ ವಿಭಾಗ ಅದು, ಮೈ ಬೆಳೆಯುತ್ತಾ ಹೋಯಿತು.

ಇನ್ನೊಂದು ಕಾರಣವೂ ಇದೆ. ಹಿಂದೆ ಚಾಂಪಿಯನ್‌ಷಿಪ್ ಪಂದ್ಯ 15 ಸುತ್ತು ನಡೆಯುತ್ತಿತ್ತು. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ ಪಂದ್ಯದ ಪೆಟ್ಟಿನಿಂದ ತೀರಿಕೊಂಡ ಮೇಲೆ ಅದು ಕ್ರಮೇಣ 12ಕ್ಕೆ ಇಳಿಯಿತು. ದೊಡ್ಡ ಮೈ ಹೊತ್ತು 45 ನಿಮಿಷ ಗುದ್ದಾಡುವುದು ಬೇರೆ, 36 ನಿಮಿಷ ಬೇರೆ. ಭಾರ ಎತ್ತಿದರೆ ಮೈ ಬಿಗಿದು ಕೈ ನಿಧಾನವಾಗುತ್ತದೆ ಅನ್ನುವ ಭಯವೂ ಹಳೆಯ ಕೋಚ್‌ಗಳಿಗೆ ಇತ್ತು. ಓಟ, ಹಗ್ಗದಾಟ, ಕಟ್ಟಿಗೆ ಒಡೆಯುವುದು, ಇದೇ ಅವರ ಪಾಠ. 1985ರಲ್ಲಿ ಕೆಳಗಿನ ವಿಭಾಗವಾದ ಲೈಟ್ ಹೆವಿವೇಟ್‌ನ ಚಾಂಪಿಯನ್ ಮೈಕೆಲ್ ಸ್ಪಿಂಕ್ಸ್ ಹೊಸ ರೀತಿಯ ತಾಲೀಮಿನಿಂದ ಮೈ ಬೆಳೆಸಿಕೊಂಡು ಬಂದು ಹೆವಿವೇಟ್ ಚಾಂಪಿಯನ್ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದರು. ಆ ಭಯ ನಿಧಾನವಾಗಿ ಕರಗಿತು.

ಆದರೆ ಬಲ ಜಾಸ್ತಿ ಇದ್ದವರ ಗುದ್ದೂ ಜಾಸ್ತಿ ಅಂತ ತಿಳಿಯಬೇಡಿ. ನಮ್ಮ ಜಾತ್ರೆಗಳಲ್ಲಿ ಕ್ವಿಂಟಲ್ ಜೋಳದ ಚೀಲ ಹೆಗಲಿಗೇರಿಸುವವರಿಗೆ ಎಷ್ಟು ಹೊತ್ತಾದರೂ ತೊಂದರೆಯಿಲ್ಲ, ಚೀಲ ಮೇಲೆ ಬಂದರೆ ಸಾಕು. ಬಾಕ್ಸರ್‌ಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಬಲಗೈ ಗುದ್ದು ಹೊರಡುವಾಗ ಅವರ ಹಿಂದಿನ ಪಾದ ನೋಡಿ. ಹಿಮ್ಮಡಿ ಎದ್ದು ತಿರುಗುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂದೆಯೇ ಬರುತ್ತದೆ, ಮುಷ್ಟಿ ಕೊನೆಗೆ. ನೆಲ ಒದ್ದ ಬಲವೇ ಮುಷ್ಟಿಯಲ್ಲಿ ಹೊರಬರುವುದು. 1985ರಲ್ಲಿ ಬ್ರಿಟನ್ನಿನ ಫ್ರಾಂಕ್ ಬ್ರೂನೊ ಅವರ ಗುದ್ದನ್ನು ವಿಜ್ಞಾನಿಗಳು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಬಲ 4,096 ನ್ಯೂಟನ್. ಅಂದರೆ ಆ ಕ್ಷಣಕ್ಕೆ ನಾಲ್ಕು ಕ್ವಿಂಟಲ್‌ಗಿಂತ ಜಾಸ್ತಿ ಭಾರ ಬಿದ್ದಂತೆ.

ಮೈಬಲ ಬೇರೆ, ಗುದ್ದು ಬೇರೆ ಅನ್ನುವುದಕ್ಕೆ ಫ್ಯೂರಿ ಮತ್ತು ಡಿಯಾಂಟೆ ವೈಲ್ಡರ್ ಪಂದ್ಯಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2018ರ ಡಿಸೆಂಬರ್‌ನಲ್ಲಿ ವೈಲ್ಡರ್ ತೂಕ 96 ಕಿಲೋ, ಫ್ಯೂರಿ 116. ಇಪ್ಪತ್ತು ಕಿಲೋ ಕಡಿಮೆ ಇದ್ದ ವೈಲ್ಡರ್ ಎರಡು ಸಲ ಫ್ಯೂರಿಯನ್ನು ನೆಲಕ್ಕೆ ಕೆಡವಿದರು, ಪಂದ್ಯ ಡ್ರಾ ಆಯಿತು. 2020ರಲ್ಲಿ ಫ್ಯೂರಿ ಇನ್ನೂ ಭಾರವಾಗಿ ಬಂದರು. ಕ್ಲಿಂಚ್ ಆದಾಗಲೆಲ್ಲ, ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಹಿಡಿದಾಗಲೆಲ್ಲ, ವೈಲ್ಡರ್ ಕತ್ತಿನ ಮೇಲೆ ಮೈಭಾರ ಹಾಕಿ ಒತ್ತಿದರು. ಕುಸ್ತಿ ಆಡುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಕತ್ತು ಹಿಡಿದು ಜಗ್ಗುವವರ ಭಾರ ಹೊತ್ತೇ ಕಾಲು ಸೋಲುತ್ತದೆ, ಅಲ್ವಾ? ಕಾಲು ಸೋತ ಮೇಲೆ ಗುದ್ದು ಎಲ್ಲಿಂದ ಬರಬೇಕು? ಏಳನೇ ಸುತ್ತಿನಲ್ಲಿ ಪಂದ್ಯ ಮುಗಿಯಿತು. ಬಾಕ್ಸಿಂಗ್‌ನಲ್ಲಿ ಶುದ್ಧ ಮೈಬಲ ಎದ್ದು ಕಾಣುವ ಜಾಗ ಕ್ಲಿಂಚ್. ಜನ ಅದನ್ನು ಬೇಸರದ ಹೊತ್ತು ಅಂದುಕೊಳ್ಳುತ್ತಾರೆ. ನನಗಂತೂ ಅಲ್ಲೇ ಕಣ್ಣು.

ಈಗ ಕೆಳಗಿನ ತೂಕಗಳು. ತನ್ನ ಮೈತೂಕಕ್ಕೆ ಹೋಲಿಸಿದರೆ ಚಿಕ್ಕ ಆಳಿಗೇ ಕಸುವು ಜಾಸ್ತಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕಿಲೋ ವಿಭಾಗದ ವೇಟ್‌ಲಿಫ್ಟರ್ ನಯೀಮ್ ಸುಲೇಮಾನೋಗ್ಲು 190 ಕಿಲೋ ಎತ್ತಿದರು, ಮೂರು ಪಟ್ಟಿಗಿಂತ ಜಾಸ್ತಿ. 2021ರಲ್ಲಿ 267 ಕಿಲೋ ಎತ್ತಿದ ಇನ್ನೊಬ್ಬ ವೇಟ್‌ಲಿಫ್ಟರ್ ಲಾಶಾ ತಲಖಾಡ್ಜೆ ಮೈತೂಕ 170 ಕಿಲೋ ದಾಟಿತ್ತು, ಎರಡು ಪಟ್ಟೂ ಆಗಲಿಲ್ಲ. ಮೈ ದೊಡ್ಡದಾದಂತೆ ತೂಕ ಏರುವಷ್ಟು ವೇಗದಲ್ಲಿ ಬಲ ಏರುವುದಿಲ್ಲ.

ಬಾಕ್ಸಿಂಗ್‌ನ ಕೆಳಗಿನ ವಿಭಾಗಗಳಲ್ಲಿ ಮೈ ಬೆಳೆಸಲು ಜಾಗವೇ ಇಲ್ಲ. 61.2 ಕಿಲೋ ಮಿತಿಯ ಲೈಟ್‌ವೇಟ್ ಬಾಕ್ಸರ್ 1930ರಲ್ಲೂ ಅಷ್ಟೇ ತೂಗಬೇಕಿತ್ತು, ಈಗಲೂ ಅಷ್ಟೇ. ಆದರೆ ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. 1980ರ ದಶಕದಿಂದ ಹಿಂದಿನ ದಿನ ನೋಡುವ ರೂಢಿ ಬಂತು. ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸುವುದು, ತಕ್ಕಡಿ ಇಳಿದ ಮೇಲೆ ಕುಡಿದು ತಿಂದು ಮತ್ತೆ ಏರಿಸುವುದು. 2010ರ ನವೆಂಬರ್‌ನಲ್ಲಿ ಆಂಟೋನಿಯೊ ಮಾರ್ಗರಿಟೊ 68 ಕಿಲೋ ತೂಗಿ, ಮರುದಿನ 75 ಕಿಲೋ ಆಗಿ ರಿಂಗಿಗೆ ಬಂದರು. ಎದುರಿಗಿದ್ದ ಮ್ಯಾನಿ ಪ್ಯಾಕಿಯಾವೊ 67 ಕಿಲೋ. ಗೆದ್ದದ್ದು ಪ್ಯಾಕಿಯಾವೊ, ಮಾರ್ಗರಿಟೊ ಕಣ್ಣಿನ ಸುತ್ತಲ ಮೂಳೆ ಮುರಿದಿತ್ತು. ಅಷ್ಟು ಭಾರದಿಂದಲೂ ಪ್ಯಾಕಿಯಾವೊ ಕೈವೇಗ ತಡೆಯಲು ಆಗಲಿಲ್ಲ.

ನಿಮ್ಮ ಉಸ್ತಾದರ ಮಾತಿನಲ್ಲಿ ಒಪ್ಪಬೇಕಾದದ್ದೂ ಇದೆ. 15 ಸುತ್ತು ನಿಲ್ಲುವ ದಮ್ಮು ಹಳಬರಿಗೆ ಇತ್ತು, ಈಗ ಅದನ್ನು ಯಾರೂ ಕೇಳುವುದಿಲ್ಲ. ನೀವು ಬಾಕ್ಸಿಂಗ್‌ಗೆ ಇಳಿಯುವುದಾದರೆ ಬೈಠಕ್ ಬಿಡಬೇಡಿ, ಗುದ್ದಿಗೆ ಬೇಕಾದ ಕಾಲು ಅದರಿಂದಲೇ ಬರುತ್ತದೆ. ಆದರೆ ನೀರು ಬಿಟ್ಟು ತೂಕ ಇಳಿಸುವ ಸಾಹಸಕ್ಕೆ ದಯವಿಟ್ಟು ಕೈ ಹಾಕಬೇಡಿ, ಅದರಿಂದ ಜೀವಕ್ಕೇ ಅಪಾಯ. ಸುಮ್ನೆ ಮೈ ಬೆಳೆಸಲು ಹೋದರೆ ಮೇಲಿನ ವಿಭಾಗಕ್ಕೆ ಹೋಗುತ್ತೀರಿ, ಅಲ್ಲಿ ನಿಮಗಿಂತ ಎತ್ತರದವರು ಕಾಯುತ್ತಿರುತ್ತಾರೆ.