ಕಣ್ಣಿಗೆ ತಿಳಿ, ಕಿವಿರಿಗೆ ವಿಷ

ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಇಟ್ಟವರಿಗೆ ಮೊದಲ ಒಂದೆರಡು ವಾರಗಳಲ್ಲೇ ಒಂದು ಗಾಬರಿ ಕಾದಿರುತ್ತದೆ. ಸಂಜೆ ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಅಕ್ಕಚ್ಚಿನಂತೆ ಮಂಕಾಗಿರುತ್ತದೆ. ಬೆಂಗಳೂರಿನ ನಮ್ಮ ಮನೆಯ 120 ಲೀಟರಿನ ತೊಟ್ಟಿಯಲ್ಲಿ ಹೀಗಾದಾಗ ನಾನು ಫಿಲ್ಟರಿನ ಸ್ಪಂಜನ್ನು ಹೊರತೆಗೆದು, ನಲ್ಲಿಯ ಕೆಳಗೆ ಹಿಡಿದು, ಕಂದುಬಣ್ಣದ ಲೋಳೆಯೆಲ್ಲ ಹೋಗುವವರೆಗೂ ಹಿಂಡಿ ಹಿಂಡಿ ತೊಳೆದೆ. ಎರಡು ದಿನಗಳಲ್ಲಿ ನೀರು ತಿಳಿಯಾಯಿತು. ಐದನೆಯ ದಿನ ಎರಡು ಕ್ಲೌನ್ ಮೀನುಗಳಲ್ಲಿ ಒಂದು ಸತ್ತಿತು. ಮಂಕುನೀರಿನಲ್ಲಿ ಬದುಕಿದ್ದ ಮೀನು ತಿಳಿನೀರಿನಲ್ಲಿ ಏಕೆ ಸತ್ತಿತೆಂಬುದನ್ನು ತಿಳಿಯಬೇಕಾದರೆ ಬ್ಯಾಕ್ಟೀರಿಯಾಗಳು ಬೆಳೆಯುವ ವೇಗವನ್ನು ಗಮನಿಸಬೇಕು.

ನೀರನ್ನು ಮಂಕಾಗಿಸುವುದು ಮೀನು ತಿನ್ನದೆ ಬಿಟ್ಟ ಆಹಾರ, ಮಲ, ಕೊಳೆತ ಪಾಚಿ ಮುಂತಾದ ಸಾವಯವ ವಸ್ತುಗಳನ್ನು ಉಂಡು ಬೆಳೆಯುವ ಬ್ಯಾಕ್ಟೀರಿಯಾಗಳು. ಉಪ್ಪುಜೌಗಿನ ಕೆಸರಿನಲ್ಲಿ ಸಿಕ್ಕ ವಿಬ್ರಿಯೊ ನ್ಯಾಟ್ರಿಜೆನ್ಸ್ ಎಂಬ ಬ್ಯಾಕ್ಟೀರಿಯಾ ಪ್ರಯೋಗಾಲಯದ ಪುಷ್ಕಳ ಆಹಾರದಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲದು. ಮನೆಯ ತೊಟ್ಟಿಯಲ್ಲಿ ಅಂಥ ವೇಗ ಇರದಿದ್ದರೂ ಈ ಬಗೆಯ ಜೀವಿಗಳಿಗೆ ಒಂದು ರಾತ್ರಿಯಲ್ಲಿ ಹಲವು ತಲೆಮಾರುಗಳು ಕಳೆಯುತ್ತವೆ. ಇವುಗಳಿಂದ ಮೀನಿಗೆ ಇರುವ ಮುಖ್ಯ ಅಪಾಯವೆಂದರೆ ಆಮ್ಲಜನಕದ ಪೈಪೋಟಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಕಡಲ ನೀರು ಹಿಡಿಯುವುದು 6.8ರ ಆಸುಪಾಸು ಮಾತ್ರ. ಗಾಳಿಯಾಡಿಸುವ ಪಂಪು ಸರಿಯಾಗಿದ್ದರೆ ಈ ಗಂಡಾಂತರ ಬಹುಪಾಲು ತಾನಾಗಿ ಕಳೆಯುತ್ತದೆ.

ಅಮೋನಿಯಾದ ವಿಷಯ ಹಾಗಲ್ಲ. ಮೀನು ತನ್ನ ಕಿವಿರುಗಳ ಮೂಲಕ ಅದನ್ನು ಸದಾ ಹೊರಹಾಕುತ್ತಿರುತ್ತದೆ, ಕೊಳೆಯುವ ಆಹಾರವೂ ಅದನ್ನೇ ಬಿಡುತ್ತದೆ. ನೀರಿನಲ್ಲಿ ಅದು ಎರಡು ರೂಪಗಳಲ್ಲಿರುತ್ತದೆ, ಅಷ್ಟಾಗಿ ಕೇಡು ಮಾಡದ ಅಮೋನಿಯಂ ಮತ್ತು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟುವ ವಿಷಕಾರಿ ಅಮೋನಿಯಾ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಈ ಎರಡನೆಯದರ ಪಾಲು ಶೇಕಡಾ ಅರ್ಧದಷ್ಟಾದರೆ, ಪಿಎಚ್ 8.2ರ ಕಡಲ ನೀರಿನಲ್ಲಿ ಅದು ಸುಮಾರು ಹತ್ತು ಪಟ್ಟು ಏರುತ್ತದೆ. ಇಷ್ಟಾದರೂ ನೀರಿನ ಬಣ್ಣ ಬದಲಾಗುವುದಿಲ್ಲ. ಮೀನು ಸತ್ತ ಮೇಲೆ ತಂದ ಟೆಸ್ಟ್ ಕಿಟ್‌ನ ಪುಟ್ಟ ಕೊಳವೆಯಲ್ಲಿ, ಹನಿಗಳನ್ನು ಹಾಕಿ ಐದು ನಿಮಿಷ ಕಾದಾಗ, ತಿಳಿಹಳದಿಯಾಗಿಯೇ ಉಳಿಯಬೇಕಿದ್ದ ನೀರು ಗಿಳಿಹಸಿರಿಗೆ ತಿರುಗಿತ್ತು.

ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುವ ಸೂಕ್ಷ್ಮಜೀವಿಗಳಿಗೆ ಆ ರಾಸಾಯನಿಕ ಕ್ರಿಯೆಯೇ ಹೊಟ್ಟೆಪಾಡು. ಅದರಿಂದ ದಕ್ಕುವ ಶಕ್ತಿ ಬಹಳ ಕಡಿಮೆಯಾದ್ದರಿಂದ ಅವು ಒಮ್ಮೆ ಇಮ್ಮಡಿಯಾಗಲು ಅರ್ಧ ದಿನದಿಂದ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಕಾಯಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ. ಈ ನಡುವೆ ನೈಟ್ರೈಟ್ ಏರಿದರೂ ಕಡಲ ಮೀನಿಗೆ ಅದರಿಂದ ಅಷ್ಟು ಬಾಧೆಯಿಲ್ಲ. ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ಅದನ್ನು ತಡೆಯುತ್ತದೆ.

ಈ ಕೆಲಸ ಮಾಡುವವರು ಯಾರೆಂಬ ಪ್ರಶ್ನೆಗೆ ಬಹುಕಾಲ ಪುಸ್ತಕಗಳು ಕೊಡುತ್ತಿದ್ದ ಉತ್ತರ ನೈಟ್ರೋಸೋಮೊನಾಸ್ ಮತ್ತು ನೈಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು. ಅದು ಅಲುಗಿದ್ದು ಒಂದು ಅಕ್ವೇರಿಯಂನಿಂದಲೇ ಎಂಬುದು ನಮ್ಮಂಥ ಹವ್ಯಾಸಿಗಳು ಕೊಂಚ ಬೀಗಬಹುದಾದ ಸಂಗತಿ. ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಅಕ್ವೇರಿಯಂನಲ್ಲಿ ಉಷ್ಣವಲಯದ ಕಡಲ ಮೀನುಗಳಿದ್ದ ತೊಟ್ಟಿಯ ಜಲ್ಲಿಕಲ್ಲುಗಳಿಂದ ಮಾರ್ಟಿನ್ ಕೊನ್ನೆಕೆ, ಡೇವಿಡ್ ಸ್ಟಾಲ್ ಮತ್ತು ಸಂಗಡಿಗರು ಅಮೋನಿಯಾ ಉಂಡು ಬದುಕುವ ಒಂದು ಜೀವಿಯನ್ನು ಬೇರ್ಪಡಿಸಿ ಬೆಳೆಸಿ, 2005ರಲ್ಲಿ ಅದರ ವಿವರ ಪ್ರಕಟಿಸಿದರು. ಅದು ಬ್ಯಾಕ್ಟೀರಿಯಾವೇ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ವಂಶದ್ದು. ಬಿಸಿನೀರಿನ ಬುಗ್ಗೆ, ಉಪ್ಪಿನ ಕೆರೆಗಳಂಥ ದುರ್ಗಮ ನೆಲೆಗಳ ವಾಸಿಗಳೆಂದೇ ಆರ್ಕಿಯಾಗಳು ಹೆಸರಾಗಿದ್ದವು. ಸಾಗರದ ನೀರಿನಲ್ಲೂ ಅವು ವಿಪುಲವಾಗಿವೆಯೆಂದು 1992ರಿಂದ ಡಿಎನ್ಎ ಕುರುಹುಗಳು ಹೇಳುತ್ತಿದ್ದರೂ ಅಲ್ಲಿ ಅವು ಏನು ಮಾಡುತ್ತಿವೆಯೆಂಬುದು ಒಗಟಾಗಿತ್ತು. ಒಂದು ಮೈಕ್ರೋಮೀಟರಿಗಿಂತಲೂ ಗಿಡ್ಡದಾದ ಈ ಜೀವಿಗೆ ನೈಟ್ರೋಸೋಪ್ಯುಮಿಲಸ್ ಮ್ಯಾರಿಟಿಮಸ್ ಎಂದು ಹೆಸರಿಟ್ಟರು. ‘ಪ್ಯುಮಿಲಸ್’ ಎಂದರೆ ಲ್ಯಾಟಿನ್‌ನಲ್ಲಿ ಕುಳ್ಳ. ಅಮೋನಿಯಾ ತೀರಾ ವಿರಳವಾಗಿರುವ ನೀರಿನಿಂದಲೂ ಅದನ್ನು ಹೆಕ್ಕಿ ತಿನ್ನುವುದರಲ್ಲಿ ಈ ಕುಳ್ಳನದು ಎತ್ತಿದ ಕೈ ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಈ ನಿಧಾನಿಗಳು ಬಹುಪಾಲು ಕಲ್ಲು, ಮರಳು, ಸ್ಪಂಜಿನ ಮೈಗೆ ಅಂಟಿಕೊಂಡ ಲೋಳೆಯಲ್ಲಿ ವಾಸಿಸುತ್ತವೆ. ನಾನು ಕೊಳೆಯೆಂದು ಹಿಂಡಿ ಚೆಲ್ಲಿದ್ದು ಅದನ್ನೇ, ಅದರಲ್ಲಿ ಅಳಿದುಳಿದಿದ್ದವುಗಳ ಮೇಲೆ ಕಾವೇರಿ ನೀರಿನ ಕ್ಲೋರಿನ್ ಹರಿದಿತ್ತು. ನೀರನ್ನು ಮಂಕಾಗಿಸಿದ್ದ ಚುರುಕಿನ ಬ್ಯಾಕ್ಟೀರಿಯಾಗಳು ತಿನ್ನಲು ಸಿಕ್ಕಿದ್ದೆಲ್ಲ ಮುಗಿದ ಮೇಲೆ ತಾವೇ ತಗ್ಗಿದ್ದವು, ನೀರು ತಿಳಿಯಾದದ್ದಕ್ಕೂ ನನ್ನ ಪರಿಶ್ರಮಕ್ಕೂ ಸಂಬಂಧವಿರಲಿಲ್ಲ. ಗಂಟೆಗಟ್ಟಲೆ ಕರೆಂಟು ಹೋದಾಗ ಮುಚ್ಚಿದ ಡಬ್ಬಿಯಂಥ ಫಿಲ್ಟರಿನೊಳಗೂ ಇಂಥದೇ ಅನಾಹುತ ಆಗಬಹುದು. ನೀರು ಹರಿಯದಿದ್ದರೆ ಅಲ್ಲಿ ಆಮ್ಲಜನಕ ಮುಗಿದು ಈ ಜೀವಿಗಳು ಬಸವಳಿಯುತ್ತವೆ.

ಕೊನೆಗುಳಿಯುವ ನೈಟ್ರೇಟನ್ನು ತೆಗೆಯಲು ಕೆಲವರು ತೊಟ್ಟಿಗೆ ದಿನವೂ ಕೆಲವು ಹನಿ ವೋಡ್ಕಾ ಹಾಕುತ್ತಾರೆ. ಮದ್ಯದಲ್ಲಿರುವ ಇಂಗಾಲವನ್ನುಂಡ ಬ್ಯಾಕ್ಟೀರಿಯಾಗಳು ಬೆಳೆಯುವಾಗ ನೈಟ್ರೇಟ್ ಮತ್ತು ಫಾಸ್ಫೇಟನ್ನು ಮೈಗೂಡಿಸಿಕೊಳ್ಳುತ್ತವೆ, ಅವುಗಳಲ್ಲಿ ಒಂದಷ್ಟನ್ನು ಪ್ರೋಟೀನ್ ಸ್ಕಿಮ್ಮರ್ ಎಂಬ, ಗುಳ್ಳೆ ಎಬ್ಬಿಸಿ ಕೊಳೆ ತೆಗೆಯುವ ಉಪಕರಣ ನೊರೆಯೊಂದಿಗೆ ಹೊರಹಾಕುತ್ತದೆ. ಉಪಾಯವೇನೋ ಜಾಣತನದ್ದು, ಆದರೆ ಹನಿ ಹೆಚ್ಚಾದರೆ ಮತ್ತೆ ಅಕ್ಕಚ್ಚು. ಹೊಸಬರಿಗೆ ನಾನು ಇದನ್ನು ಹೇಳಿಕೊಡುವುದಿಲ್ಲ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬಕೆಟ್ಟಿಗೆ ತೆಗೆದು, ಸ್ಪಂಜನ್ನು ಅದೇ ಉಪ್ಪುನೀರಿನಲ್ಲಿ ಎರಡು ಬಾರಿ ಮೆಲ್ಲಗೆ ಅದ್ದಿ, ಅರೆಬರೆ ಕಂದಾಗಿರುವಾಗಲೇ ಫಿಲ್ಟರಿಗೆ ಮರಳಿಸುತ್ತೇನೆ.