ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ ಇದೆ. ಆರು ತಿಂಗಳಿಂದ ಕಾಫಿ, ಚಹಾ ಎರಡಕ್ಕೂ ಸಾವಯವ ಬೆಲ್ಲವನ್ನೇ ಹಾಕುತ್ತಿದ್ದೇವೆ. ಖರ್ಚು ಎರಡರಷ್ಟಾಗಿದೆ, ಆದರೆ ರಕ್ತಪರೀಕ್ಷೆಯ ಅಂಕಿ ಇಳಿದಿಲ್ಲ. ನಾವು ತರುವ ಬೆಲ್ಲ ಕಲಬೆರಕೆಯದೇ?

ಉತ್ತರ: ಮಾತು ಬೇರೆಯಾದರೂ ತಿರುಳು ಇದೇ ಆಗಿರುವ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ನಿಮ್ಮ ಬೆಲ್ಲ ಕಲಬೆರಕೆಯದಾಗಿರಬಹುದು, ಆ ವಿಚಾರಕ್ಕೆ ಆಮೇಲೆ ಬರುತ್ತೇನೆ. ಆದರೆ ಅಂಕಿ ಇಳಿಯದಿರುವುದಕ್ಕೆ ಅದು ಕಾರಣವಲ್ಲ. ಆಲೆಮನೆಯ ಮುಂದೆಯೇ ನಿಂತು, ಕಣ್ಣೆದುರು ಕಾಯಿಸಿದ ಅಪ್ಪಟ ಬೆಲ್ಲವನ್ನು ತಂದಿದ್ದರೂ ಅದು ಇಳಿಯುತ್ತಿರಲಿಲ್ಲ.

ಬಿಳಿ ಸಕ್ಕರೆ ಎಂದರೆ ಹೆಚ್ಚುಕಡಿಮೆ ಪೂರ್ತಿ ಸುಕ್ರೋಸ್. ಬೆಲ್ಲದಲ್ಲಿ ಸಾಮಾನ್ಯವಾಗಿ ನೂರಕ್ಕೆ 65ರಿಂದ 85 ಭಾಗ ಅದೇ ಸುಕ್ರೋಸ್ ಇರುತ್ತದೆ. ಅದರ ಜೊತೆಗೆ ಆಗಲೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುವ ಸಕ್ಕರೆಯೂ ಸ್ವಲ್ಪ ಇರುತ್ತದೆ. ಉಳಿದದ್ದು ನೀರು ಮತ್ತು ಒಂದಿಷ್ಟು ಖನಿಜ. ಸಣ್ಣ ಕರುಳಿನ ಕೆಲಸ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವುದು. ಆ ಸುಕ್ರೋಸ್ ಕಾರ್ಖಾನೆಯಿಂದ ಬಂದಿತೋ ಕೊಪ್ಪರಿಗೆಯಿಂದ ಬಂದಿತೋ ಎಂದು ಅದು ವಿಚಾರಿಸುವುದಿಲ್ಲ.

‘ಬೆಲ್ಲದಲ್ಲಿ ನಾರಿದೆ, ಆದ್ದರಿಂದ ಅದು ನಿಧಾನವಾಗಿ ರಕ್ತ ಸೇರುತ್ತದೆ’ ಎಂಬ ವಾದವನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಮಂಡ್ಯದ ಕಡೆ ಹೋದಾಗ ಒಂದು ಆಲೆಮನೆಯನ್ನು ಹೊಕ್ಕು ನೋಡಿ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿ, ಕೊಪ್ಪರಿಗೆಯ ಕೆಳಗಿನ ಒಲೆಗೆ ಉರುವಲಾಗಿ ತುಂಬುತ್ತಿರುತ್ತಾರೆ. ಕಬ್ಬಿನ ನಾರು ಹೋಗುವುದು ಅಲ್ಲಿಗೆ. ಅಚ್ಚಿಗೆ ಬರುವುದು ಕಬ್ಬಿನ ಹಾಲು ಬತ್ತಿ ಗಟ್ಟಿಯಾದ ಸಿಹಿ ಮಾತ್ರ.

ಇನ್ನೊಂದು ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಪದ್ಧತಿ ಮಲೆನಾಡಿನಲ್ಲೂ ಕರಾವಳಿಯಲ್ಲೂ ಇದೆ. ಕಾಯಿಲೆಯ ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಊಟ ಮಾಡದವರು ಬೆವರಿ ನಡುಗತೊಡಗಿದಾಗಲೂ ಎಷ್ಟೋ ಮನೆಗಳಲ್ಲಿ ಬಾಯಿಗೆ ಹಾಕುವುದು ಒಂದು ತುಂಡು ಬೆಲ್ಲವನ್ನೇ. ಇಬ್ಬರೂ ಚೇತರಿಸಿಕೊಳ್ಳುವುದಕ್ಕೆ ಕಾರಣ ಅದರಲ್ಲಿರುವ ಸಕ್ಕರೆ ಬೇಗನೆ ರಕ್ತಕ್ಕೆ ಸೇರುವುದು. ರಕ್ತದ ಸಕ್ಕರೆ ಇಳಿದಾಗ ಏರಿಸುವ ಬೆಲ್ಲ, ಏರಿದ್ದಾಗ ಮಾತ್ರ ಸುಮ್ಮನಿರಬೇಕೆಂದು ಬಯಸಿದರೆ ಹೇಗೆ? ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಒಂದು ದಿನ ಸಕ್ಕರೆಯ ಕಾಫಿ, ಮರುದಿನ ಅಷ್ಟೇ ತೂಕದ ಬೆಲ್ಲದ ಕಾಫಿ ಕುಡಿದು, ಒಂದು ಗಂಟೆಯ ಬಳಿಕ ಬೆರಳು ಚುಚ್ಚಿ ನೋಡಿಕೊಳ್ಳಿ. ನನ್ನ ಮಾತನ್ನು ನಂಬಬೇಕಾಗಿಲ್ಲ.

ಉಳಿಯುವುದು ಕಬ್ಬಿಣಾಂಶದ ಮಾತು, ಅದರಲ್ಲಿ ಸತ್ಯವಿಲ್ಲದೆ ಇಲ್ಲ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 4ರಿಂದ 5 ಮಿಲಿಗ್ರಾಂ ಕಬ್ಬಿಣವಿರುತ್ತದೆ, ಸಕ್ಕರೆಯಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ದಿನಕ್ಕೆ ಎರಡು ಲೋಟ ಕಾಫಿಗೆ ನೀವು ಹಾಕುವುದು ಹೆಚ್ಚೆಂದರೆ 20 ಗ್ರಾಂ. ಅದರಿಂದ ದೊರೆಯುವುದು ಸುಮಾರು 1 ಮಿಲಿಗ್ರಾಂ. ವಯಸ್ಕ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ಸಾಲದ್ದಕ್ಕೆ ಕಾಫಿ, ಚಹಾಗಳಲ್ಲಿರುವ ಒಗರು ಪದಾರ್ಥಗಳು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಹಾಗಾಗಿ ಬೆಲ್ಲದ ಕಬ್ಬಿಣಕ್ಕೆ ಲೋಟದಲ್ಲೇ ಅಡ್ಡಿ ಕಾದಿರುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲೂ ನೂರು ಗ್ರಾಂ ಬೆಲ್ಲದಲ್ಲಿರುವಷ್ಟೇ ಕಬ್ಬಿಣವಿದೆ, ಮೇಲೆ ನಾರೂ ಸುಣ್ಣಾಂಶವೂ ಇವೆ. ಇದನ್ನು ಓದಿ ‘ಹಾಗಾದರೆ ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದೇ’ ಎಂದು ದಯವಿಟ್ಟು ಕೇಳಬೇಡಿ; ರಾಗಿಯಲ್ಲೂ ಮೂರನೇ ಎರಡು ಭಾಗ ಪಿಷ್ಟವೇ.

ಖರ್ಚಿನ ಲೆಕ್ಕ ಸರಳವಾಗಿದೆ. ನಾಲ್ವರ ಮನೆ, ತಲಾ ಎರಡು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ದಿನಕ್ಕೆ 80 ಗ್ರಾಂ, ತಿಂಗಳಿಗೆ 2.4 ಕಿಲೋ. ಸಕ್ಕರೆಗೆ ಕಿಲೋ 45 ರೂಪಾಯಿ, ಸಾವಯವ ಚೀಟಿಯ ಬೆಲ್ಲಕ್ಕೆ 100 ರೂಪಾಯಿ ಎಂದುಕೊಂಡರೆ ತಿಂಗಳಿಗೆ 132 ರೂಪಾಯಿ ಹೆಚ್ಚು. ಬೆಲ್ಲದ ಸಿಹಿ ಸಕ್ಕರೆಗಿಂತ ಸ್ವಲ್ಪ ಸಪ್ಪೆಯಾದ್ದರಿಂದ ಕೈ ಒಂದು ಚಿಟಿಕೆ ಮುಂದೆ ಹೋಗುತ್ತದೆ, ಅದೂ ಸೇರುತ್ತದೆ. ಎರಡು ಚಮಚವನ್ನು ಅರ್ಧಕ್ಕೆ ಇಳಿಸಿದರೆ ಹಣವೂ ಉಳಿಯುತ್ತದೆ, ನೀವು ಆರು ತಿಂಗಳಿಂದ ಕಾಯುತ್ತಿರುವ ಅಂಕಿಗೂ ಸಹಾಯವಾಗುತ್ತದೆ. ರುಚಿಗಾಗಿ ಬೆಲ್ಲವೇ ಬೇಕೆನ್ನುವವರೊಂದಿಗೆ ನನ್ನ ತಕರಾರಿಲ್ಲ. ಹೋಳಿಗೆಗೂ ಪಾಯಸಕ್ಕೂ ನಾನೂ ಬೆಲ್ಲದ ಕಡೆಯವನೇ.

ಇನ್ನು ಕಲಬೆರಕೆಯ ವಿಚಾರ. ಯಾವ ಬಣ್ಣದ ಬೆಲ್ಲ ಕೊಳ್ಳಬೇಕೆಂದು ನೀವು ಕೇಳಲಿಲ್ಲ, ಆದರೆ ಕೇಳಬೇಕಾಗಿದ್ದುದು ಅದನ್ನೇ. ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆಯಿಂದ ಕೊಳೆ ಎತ್ತಿ, ಹದ ಬರುವವರೆಗೆ ಕಾಯಿಸಿದರೆ ಸಿಗುವುದು ಕಂದು ಬಣ್ಣದ ಬೆಲ್ಲ. ಅಂಗಡಿಯಲ್ಲಿ ಬಂಗಾರದಂತೆ ಹೊಳೆಯುವ ಅಚ್ಚುಗಳಿಗೆ ಆ ಬಣ್ಣ ಬರುವುದು ಬಹುಪಾಲು ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಗಂಧಕದ ಪುಡಿಯಿಂದ. ‘ಸಕ್ಕರೆಯನ್ನು ಬೆಳ್ಳಗಾಗಿಸಲು ಗಂಧಕ ಬಳಸುತ್ತಾರೆ’ ಎಂದು ಹೆದರಿ ಬೆಲ್ಲಕ್ಕೆ ಬಂದವರು, ಕಣ್ಣಿಗೆ ಚೆನ್ನಾಗಿ ಕಾಣುತ್ತದೆಂದು ಹಳದಿ ಅಚ್ಚನ್ನೇ ಆರಿಸಿ ತರುತ್ತಾರೆ. ಈ ಗಂಧಕದ ಅಂಶ ಕೆಲವು ಆಸ್ತಮಾ ರೋಗಿಗಳಿಗೆ ಉಬ್ಬಸ ತರಿಸಬಲ್ಲದು, ಅಂಥವರು ಮನೆಯಲ್ಲಿದ್ದರೆ ಹಳದಿ ಅಚ್ಚನ್ನು ಬಿಟ್ಟುಬಿಡಿ. ಜೊತೆಗೆ, ಸಕ್ಕರೆ ಅಗ್ಗವಾಗಿರುವಾಗ ಕೊಪ್ಪರಿಗೆಗೆ ಸಕ್ಕರೆಯನ್ನೇ ಸುರಿದು ಅಚ್ಚು ಹೊಯ್ಯುವವರೂ ಇದ್ದಾರೆ. ಆ ಅಚ್ಚಿಗೂ ನೀವು ಕೊಡುವುದು ಬೆಲ್ಲದ ಬೆಲೆಯನ್ನೇ.